ಹಾಲು ಲೋಟಕ್ಕೆ ಬೀಳದೆ ಪಾತ್ರೆಯ ಮೈಮೇಲೇ ಯಾಕೆ ಇಳಿಯುತ್ತೆ?

ಕಾಫಿಪುಡಿ: ಎರಡು ಲೀಟರಿನ ಸ್ಟೀಲ್ ಪಾತ್ರೆಯನ್ನ ಇಕ್ಕಳದಲ್ಲಿ ಹಿಡಿದು ನಿಧಾನಕ್ಕೆ ಬಗ್ಗಿಸಿದರೆ ಹಾಲು ಹೊರಮೈಗೆ ಅಂಟಿಕೊಂಡು ತಳದವರೆಗೂ ಹೋಗಿ ಕಟ್ಟೆ ಮೇಲೆ ಸುರಿಯುತ್ತೆ. ಜೋರಾಗಿ ಬಗ್ಗಿಸಿದರೆ ಹೀಗಾಗಲ್ಲ, ಆದರೆ ಲೋಟ ಸಣ್ಣದು. ಮೇಲಿಂದ ಮಣಿಕಟ್ಟು ನೋವು. ಇಕ್ಕಳ ಅಂದ್ರೆ ಸನ್ನೆಕೋಲು (ಲಿವರ್) ತಾನೆ? ಭಾರ ಕಮ್ಮಿ ಆಗಬೇಕಲ್ವಾ?

ಹಳೇಮೇಷ್ಟ್ರು: ಇದಕ್ಕೆ 'ಟೀಪಾಟ್ ಪರಿಣಾಮ' ಅಂತಾರೆ. ಅಂಚು ದಾಟಿ ತಿರುಗುವಾಗ ಹಾಲಿನೊಳಗಿನ ಒತ್ತಡ ಹೊರಗಿನ ಗಾಳಿಯದಕ್ಕಿಂತ ಕಮ್ಮಿ. ಗಾಳಿಯೇ ಅದನ್ನ ಪಾತ್ರೆಗೆ ಒತ್ತುತ್ತೆ. ಗಣಿತಜ್ಞ ಜೋಸೆಫ್ ಕೆಲ್ಲರ್ 1957ರಲ್ಲಿ ಇದನ್ನ ವಿವರಿಸಿದರು, 1999ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚಿಸೋ ಹಾಗೆ ಮಾಡೋ ಸಂಶೋಧನೆಗೆ ಕೊಡೋ ತಮಾಷೆ ಪ್ರಶಸ್ತಿ) ಕೂಡ ಬಂತು. ನಗಬೇಡಿ, ಗಣಿತ ಕಠಿಣವಾಗಿದೆ! ಸ್ಟೀಲ್ ಚೆನ್ನಾಗಿ ಒದ್ದೆಯಾಗೋದೂ, ಅಂಚು ದುಂಡಗೆ ಮಡಿಸಿರೋದೂ ಸೇರಿದರೆ ಇನ್ನೂ ಕಷ್ಟ. ವೇಗ ಹೆಚ್ಚಿದರೆ ಹಾಲು ತಿರುಗದೆ ನೇರ ಹಾರುತ್ತೆ.

ಗ್ಯಾರೇಜ್_ಹುಡುಗ: ಇಕ್ಕಳದ ಲಾಭ ಬರೀ ಹಿಡಿತಕ್ಕೆ, ಸಾರ್. ಕೀಲಿನಿಂದ ಬಾಯಿ 3 ಸೆಂ.ಮೀ., ಕೈ 12 ಸೆಂ.ಮೀ. ದೂರ ಇದ್ದರೆ ಅಂಚಿನ ಮೇಲೆ ನಾಲ್ಕು ಪಟ್ಟು ಬಿಗಿ. ಆದರೆ ಪಾತ್ರೆಯ ಭಾರ ಮುಷ್ಟಿಯಿಂದ ಒಂದು ಗೇಣು ಆಚೆ ತೂಗ್ತಿದೆ, ಆ ತಿರುಚು ಪೂರ್ತಿ ಮಣಿಕಟ್ಟಿಗೆ. ಇಕ್ಕಳ ಉದ್ದ ಆದಷ್ಟೂ ನೋವು ಜಾಸ್ತಿ. ಎದುರು ಬದಿಯ ತಳಕ್ಕೆ ಮಸಿಬಟ್ಟೆ ಕೊಟ್ಟು ಇನ್ನೊಂದು ಕೈ ಹಾಕಿ.

ಅತ್ತೆಮನೆ: ಸುರಿಯೋ ಕಡೆ ಅಂಚಿಗೆ ಚೂರು ಬೆಣ್ಣೆ ಸವರಿ. ಜಿಡ್ಡಿಗೆ ಹಾಲು ಅಷ್ಟು ಅಂಟಲ್ಲ.

ಕಾಫಿಪುಡಿ: ಬೆಣ್ಣೆ ಕೆಲಸ ಮಾಡ್ತು ಅತ್ತೆ! ಮಸಿಬಟ್ಟೆ ಮಾತ್ರ ಒದ್ದೆ ಇರಬಾರದು ಅಂತ ಯಾರಾದ್ರೂ ಮೊದಲೇ ಹೇಳಬಾರದಿತ್ತಾ, ಕೈ ಚುರ್ ಅಂತು.