ಮೀ ಗೋರೆಂಗ್ ಮನೇಲಿ ಮಾಡಿದ್ರೆ ಮುದ್ದೆ ಆಗ್ತಿದೆ, ಎಲ್ಲಿ ತಪ್ತಿದೀನಿ?

ಕುವೆಂಪುನಗರ ಸೊಸೆ:
ಎಲ್ರಿಗೂ ನಮಸ್ಕಾರ. ನಮ್ಮನೆಯವ್ರು ಎರಡು ವರ್ಷ ಕೌಲಾಲಂಪುರದಲ್ಲಿ ಕೆಲಸದ ಮೇಲಿದ್ರು, ನಾನೂ ಆರು ತಿಂಗಳು ಅಲ್ಲಿದ್ದೆ, ಈಗ ಮೈಸೂರಿಗೆ ವಾಪಸ್ ಬಂದ್ಮೇಲೆ ಅಲ್ಲಿನ ಹುರಿದ ನೂಡಲ್ಸ್ ನೆನಪಾಗಿ ಮೂರು ಸಲ ಟ್ರೈ ಮಾಡಿದೆ, ಮೂರೂ ಸಲ ಫ್ಲಾಪ್. ಹಕ್ಕಾ ನೂಡಲ್ಸ್ ಬೇಯಿಸಿ ನಾಲ್ಕು ಜನರದ್ದೂ ಒಟ್ಟಿಗೆ ಬಾಣಲೆಗೆ ಹಾಕಿ ಸಾಸ್ ಸುರಿದೆ, ಸೌಟಲ್ಲಿ ಎತ್ತಿದ್ರೆ ಒಂದೇ ಉಂಡೆಯಾಗಿ ಎದ್ದು ಬಂತು. ನಮ್ಮತ್ತೆ ನೋಡಿ, "ಇದಕ್ಕೆ ಬಸ್ಸಾರು ಮಾಡ್ಲೇನಮ್ಮ" ಅಂದ್ರು 🙈

ಇನ್ನೊಂದು ಕನ್ಫ್ಯೂಷನ್. ನಾನು ತಿಂದಿದ್ದು ಕೆಂಪಗಿತ್ತು, ಒಳಗೆ ಆಲೂಗಡ್ಡೆ ಇತ್ತು. ಇವ್ರು ಇಲ್ಲ ಅದು ಕರ್ರಗೆ ದಪ್ಪ ಎಳೆದು ಅಂತಾರೆ. ಯೂಟ್ಯೂಬಲ್ಲಿ ನೋಡಿದ್ರೆ ಅಗಲಕ್ಕೆ ಪಟ್ಟಿ ಪಟ್ಟಿ ಥರ ಇರುತ್ತೆ. ಇದ್ರಲ್ಲಿ ಒರಿಜಿನಲ್ ಯಾವ್ದು? ಅತ್ತೆ ಮೊಟ್ಟೆ ಮುಟ್ಟಲ್ಲ, ಅದೂ ನೋಡ್ಕೊಂಡು ಹೇಳಿ.

ಪೆನಾಂಗ್ ರಿಟರ್ನ್:
ಮೇಡಂ, ಮೂರೂ ಒರಿಜಿನಲ್ಲೇ. ಪುಳಿಯೋಗರೆ, ಚಿತ್ರಾನ್ನ, ಬಿಸಿಬೇಳೆಬಾತ್ ಮುಂದಿಟ್ಟು ಒರಿಜಿನಲ್ ಅನ್ನ ಯಾವ್ದು ಅಂತ ಕೇಳ್ದಂಗಾಯ್ತು.

ನಿಮ್ದು ಮೀ ಗೋರೆಂಗ್ ಮಾಮಕ್. ಮೀ ಅಂದ್ರೆ ನೂಡಲ್ಸ್, ಗೋರೆಂಗ್ ಅಂದ್ರೆ ಮಲಯ್ ಭಾಷೇಲಿ ಹುರಿದಿದ್ದು, ಮಾಮಕ್ ಅಂದ್ರೆ ಅಲ್ಲಿನ ತಮಿಳು ಮುಸ್ಲಿಮರು, ನಾವು ಕರೆಯೋ 'ಮಾಮ' ಇದೆಯಲ್ಲ ಅದೇ ಪದ ತಮಿಳಿಂದ ಅಲ್ಲಿಗೆ ಹೋಗಿರೋದು. ನೂಡಲ್ಸ್ ಚೀನಾದವ್ರದು, ಕೈ ನಮ್ಮ ಕಡೆಯವ್ರದು, ಅದಕ್ಕೇ ಆಲೂಗಡ್ಡೆ, ಟೊಮ್ಯಾಟೊ, ಒಣಮೆಣಸಿನಕಾಯಿ ಪೇಸ್ಟು, ತೋಫು, ಮೇಲೊಂದು ಪುಟಾಣಿ ನಿಂಬೆ. ನಿಮ್ಮನೆಯವ್ರು ತಿಂದಿದ್ದು ಕೌಲಾಲಂಪುರದ ಹೊಕ್ಕಿಯನ್ ಮೀ, ಕಪ್ಪು ಸೋಯಾ ಸಾಸು, ಹಂದಿಕೊಬ್ಬಿನ ಗರಿಗರಿ ಚೂರು, ಹಳೇ ಅಂಗಡಿಗಳಲ್ಲಿ ಇದ್ದಿಲ ಒಲೆ. ಅದೇ ಹೆಸರನ್ನ ಮಲೇಷ್ಯಾದ್ದೇ ಆದ ಪೆನಾಂಗಲ್ಲಿ ಹೇಳಿ ನಾನು ಮೊದಲ್ನೇ ದಿನಾನೇ ಬೇಸ್ತು ಬಿದ್ದೆ, ಅಲ್ಲಿ ಹೊಕ್ಕಿಯನ್ ಮೀ ಅಂದ್ರೆ ಸಿಗಡಿ ಸಾರಲ್ಲಿ ಮುಳುಗಿರೋ ನೂಡಲ್ಸು! ಸಿಂಗಾಪುರದಲ್ಲಿ ಇನ್ನೊಂದು ಥರ, ಹಳದಿ ನೂಡಲ್ಸ್ ಜೊತೆ ಅಕ್ಕಿ ಶಾವಿಗೆ ಬೆರೆಸಿ ಸಿಗಡಿ ಸಾರು ಹೀರೋವರೆಗೂ ಹುರೀತಾರೆ.

ಪಟ್ಟಿ ಪಟ್ಟಿ ಇರೋದು ಚಾರ್ ಕ್ವೇ ಟಿಯಾವ್, ಅಕ್ಕಿ ಹಿಟ್ಟಿಂದು, ಸಿಗಡಿ ಕಪ್ಪೆಚಿಪ್ಪು ಎಲ್ಲಾ ಹಾಕ್ತಾರೆ. ಬೋರ್ನಿಯೋ ಕಡೆ ಸಬಾದಲ್ಲಿ ತುವಾರನ್ ಅಂತ ಊರು, ಅದ್ರ ಹೆಸರಲ್ಲೇ ಒಂದು ಮೊಟ್ಟೆ ನೂಡಲ್ಸ್ ಇದೆ. ಅದೇ ಬೋರ್ನಿಯೋದ ಕೂಚಿಂಗಲ್ಲಿ ನೂಡಲ್ಸ್ ಮೇಲೆ ಟೊಮ್ಯಾಟೊ ಗ್ರೇವಿ ಸುರಿದು ಕೊಡ್ತಾರೆ, ನಂಗಂತೂ ಸೇರ್ಲಿಲ್ಲ.

ಈಗ ನಿಮ್ಮ ಮುದ್ದೆ ವಿಚಾರ. ಪೆನಾಂಗಲ್ಲಿ ಒಳ್ಳೇ ಗಾಡಿಯವ್ನು ಎಷ್ಟೇ ಕ್ಯೂ ಇದ್ರೂ ಒಂದ್ಸಲಕ್ಕೆ ಒಂದೇ ಪ್ಲೇಟು ಮಾಡ್ತಾನೆ. ನಾಲ್ಕು ಜನರದ್ದು ಒಟ್ಟಿಗೆ ಹಾಕಿದ್ರೆ ಬಾಣಲೆ ಥಟ್ಟಂತ ತಣ್ಣಗಾಗಿ ನೂಡಲ್ಸ್ ನೀರು ಬಿಟ್ಟು ಹುರಿಯೋ ಬದ್ಲು ಬೇಯುತ್ತೆ. ಮುಕ್ಕಾಲು ಬೆಂದಾಗ್ಲೇ ಸೋಸಿ, ಎಣ್ಣೆ ಸವರಿ, ಪುಳಿಯೋಗರೆಗೆ ಅನ್ನ ಆರಿಸ್ತೀವಲ್ಲ ಹಂಗೆ ತಟ್ಟೇಲಿ ಹರಡಿ ಫ್ಯಾನ್ ಕೆಳಗಿಡಿ. ಬಾಣಲೆ ಹೊಗೆಯಾಡ್ಬೇಕು, ಆ ಸುಟ್ಟ ಘಮಕ್ಕೇ ಚೀನಾದವ್ರು ವೋಕ್ ಹೇ ಅಂತಾರೆ, ಬಾಣಲೆ ಉಸಿರು ಅಂತ. ಬೇಯಿಸೋ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿದ್ರೆ ಎಳೆ ಸ್ವಲ್ಪ ಗಟ್ಟಿ ಬರುತ್ತೆ, ಅಲ್ಲಿನ ಹಳದಿ ನೂಡಲ್ಸಲ್ಲೂ ಕ್ಷಾರ ಇರುತ್ತೆ, ಆ ಬಣ್ಣ ಅದ್ರಿಂದಾನೇ. ಸಂಬಾಲ್ ಅಂತ ಅಲ್ಲಿನ ಮೆಣಸಿನಕಾಯಿ ಚಟ್ನಿ, ಅದ್ರ ರೆಡಿಮೇಡ್ ಬಾಟ್ಲಿ ತಗೊಳ್ಬೇಡಿ, ಅತ್ತೆಗೆ ಆಗಲ್ಲ, ಬೆಲಚಾನ್ ಅಂತ ಸಿಗಡಿ ಪೇಸ್ಟ್ ಇರುತ್ತೆ ಅದ್ರಲ್ಲಿ.

ಮಂಡ್ಯ ಹೈದ:
ಅಕ್ಕೋ, ಸಿಹಿ ಸೋಯಾ ಸಾಸ್ಗೆ ಸುಮ್ನೆ ದುಡ್ ಸುರೀಬ್ಯಾಡಿ. ಕಿಚಾಪ್ ಮಾನಿಸ್ ಅಂತಾರಲ್ಲ, ಸೋಯಾ ಸಾಸ್ಗೆ ತಾಳೆಬೆಲ್ಲ ಹಾಕಿ ಕುದ್ಸಿರೋದು ಅಷ್ಟೇಯ. ನಮ್ಮೂರ್ ಬೆಲ್ಲಕ್ಕೇನ್ ಬಂದದೆ ರೋಗ? ಒಂದ್ ಲೋಟ ಸಾಸ್ಗೆ ಒಂದ್ ಲೋಟ ಪುಡಿ ಬೆಲ್ಲ, ಬೆಳ್ಳಗಿರೋದಲ್ಲ ಕಪ್ಪುಬೆಲ್ಲ, ಸಣ್ ಉರೀಲಿ ಚಮಚದ ಬೆನ್ಗೆ ಅಂಟೋಗಂಟ ಕುದ್ಸಿ ಸೋಸ್ಬುಡಿ. ಒಸಿ ತೆಳ್ಗಿದ್ದಾಗ್ಲೇ ಇಳ್ಸಿ, ಆರಿದ್ಮೇಲೆ ಗಟ್ಟಿ ಆಯ್ತದೆ. ನಾನ್ ಫೋನ್ ನೋಡ್ಕಂಡ್ ನಿಂತು ಪಾಕ ಏರೋಗಿ ಕಮರ್‌ಕಟ್ ಆಗೋಯ್ತು ಕನಕ್ಕ, ಲೋಟಕ್ಕೆ ಅಂಟಿರೋ ಚಮಚ ಇವತ್ಗೂ ಬಂದಿಲ್ಲ. ಮತ್ತೆ ಉಪ್ ಹಾಕ್ಬ್ಯಾಡಿ, ಸಾಸಲ್ಲೇ ಬೇಜಾನ್ ಅದೆ.

ಗೋಬಿ ಗಾಡಿ ಫ್ಯಾನ್:
ಇಷ್ಟೆಲ್ಲಾ ಯಾಕ್ರೀ, ಮ್ಯಾಗಿ ಗೋರೆಂಗ್ ಮಾಡ್ಕೊಳ್ಳಿ, ಮಾಮಕ್ ಹೋಟ್ಲಲ್ಲೇ ಮಧ್ಯರಾತ್ರಿ ಜನ ಅದನ್ನೇ ತಿಂತಾರೆ. ಕೆಂಪು ಬರ್ಲಿ ಅಂತ ಕಲರ್ ಮಾತ್ರ ಹಾಕ್ಬೇಡಿ, 2024ರ ಮಾರ್ಚಲ್ಲಿ ಸರ್ಕಾರ ಗೋಬಿಗೇ ಕೃತಕ ಬಣ್ಣ ಬ್ಯಾನ್ ಮಾಡ್ತು, ಬ್ಯಾಡಗಿ ನೆನೆಸಿ ಬೆಳ್ಳುಳ್ಳಿ ಈರುಳ್ಳಿ ಜೊತೆ ರುಬ್ಬಿ ಎಣ್ಣೆ ಬಿಡೋವರೆಗೂ ಹುರೀರಿ ಸಾಕು. ಅಂದಹಾಗೆ ನಮ್ಮ ಹೋಟ್ಲು ಮೆನುಗಳಲ್ಲಿರೋ ಸಿಂಗಾಪುರ್ ನೂಡಲ್ಸೂ ಮಲೇಷ್ಯಾದ್ದೇನಾ?

ಪೆನಾಂಗ್ ರಿಟರ್ನ್:
ಮಲೇಷ್ಯಾನೂ ಅಲ್ಲ ಸಿಂಗಾಪುರಾನೂ ಅಲ್ಲ ಗುರೂ. ಆ ಕರಿ ಪೌಡರ್ ಹಾಕಿದ ಶಾವಿಗೆ ಹಾಂಕಾಂಗ್ ಅಡುಗೆಯವ್ರದು. ನಮ್ಮಲ್ಲಿ ಮೈಸೂರೇ ನೋಡದವ್ರು ಮೈಸೂರು ಬೋಂಡ ಅಂತ ಮಾರಲ್ವಾ.

ಕುವೆಂಪುನಗರ ಸೊಸೆ:
ಭಾನುವಾರ ಮಾಡಿದೆ! ಒಬ್ಬೊಬ್ರದು ಬೇರೆ ಬೇರೆ, ಕಬ್ಬಿಣದ ಬಾಣಲೇಲಿ. ಮುದ್ದೆ ಆಗ್ಲಿಲ್ಲ, ಎಳೆ ಎಳೆ ಬಿಡಿಸ್ಕೊಂಡು ಬಂತು, ಕಪ್ಪುಬೆಲ್ಲದ ಪಾಕ ಅಂಚಿಗೆ ಬಿದ್ದಾಗ ಚುಂಯ್ ಅಂತ ಹೊಗೆ ಎದ್ದು ಅದೇ ಘಮ, ಇವ್ರು ಟಿವಿ ಬಿಟ್ಟು ಎದ್ದು ಬಂದ್ರು. ಅತ್ತೆ ಇನ್ನೊಂದ್ಸಲ ಹಾಕಿಸ್ಕೊಂಡು ಮೇಲೆ ಕಾಯಿತುರಿ ಕೇಳಿದ್ರು, ಕೊಟ್ಟೆ, ಏನ್ಮಾಡೋದು. ನಾಲ್ಕನೇ ತಟ್ಟೆ ನಂದು, ಅಷ್ಟೊತ್ತಿಗೆ ಕೈ ಸೋತು ಟೊಮ್ಯಾಟೊ ಹಾಕೋದೇ ಮರ್ತೆ. ಈಗ ಇವ್ರಿಗೆ ಆ ಕರ್ರಗಿರೋದು ಬೇಕಂತೆ, ಹಂದಿಕೊಬ್ಬು ಬಿಟ್ಟು. ದಪ್ಪ ಎಳೆ ಎಲ್ಲಿ ಸಿಗುತ್ತೆ?

ಮಂಡ್ಯ ಹೈದ:
ನಮ್ಮವ್ವನ ಒತ್ತು ಶಾವಿಗೆ ಒರಳ್ಗೆ ದಪ್ಪ ತೂತಿನ ಬಿಲ್ಲೆ ಅದೆ, ಬಂದ್ ತಗಂಡೋಗಿ. ಗೋಧಿ ಹಿಟ್ ಒತ್ಬೇಕಂದ್ರೆ ಇಬ್ರಾದ್ರೂ ಗಂಡಸ್ರು ಬೇಕು, ನಿಮ್ಮನೆಯವ್ರನ್ನೂ ಕರ್ಕಂಬನ್ನಿ.