ಯಾರೂ ನೋಡದಿದ್ದರೆ ಎಲೆಕ್ಟ್ರಾನ್ ಏನು ಮಾಡುತ್ತದೆ? ಪ್ರಜ್ಞೆಗೂ ಕ್ವಾಂಟಮ್‌ಗೂ ನಿಜಕ್ಕೂ ಸಂಬಂಧ ಇದೆಯಾ?

ದಾರಿಹೋಕ:

ನನ್ನ ಓದು ಬಿಕಾಂ. ಆದರೂ ಯೂಟ್ಯೂಬಿನಲ್ಲಿ ಕ್ವಾಂಟಮ್, ಬಿಗ್ ಬ್ಯಾಂಗ್, ಪ್ರಜ್ಞೆ ಅಂತ ಏನು ಕಂಡರೂ ಬಿಡದೆ ನೋಡುವ ಚಟ. ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಉಪನ್ಯಾಸ ಬಂತು. ಆಸಾಮಿ ಸೊಗಸಾಗಿ ಮಾತನಾಡುತ್ತಾರೆ. ಅವರ ವಾದ ಇಷ್ಟು: ಎರಡು ಸೀಳಿನ ಪ್ರಯೋಗದಲ್ಲಿ (ಕಣಗಳನ್ನು ಎರಡು ಸಣ್ಣ ಸೀಳುಗಳ ಮೂಲಕ ಹಾಯಿಸಿ, ಆಚೆ ಪರದೆಯ ಮೇಲೆ ಏನು ಮೂಡುತ್ತದೆ ಅಂತ ನೋಡುವುದು) ನಾವು ನೋಡಿದರೆ ಎಲೆಕ್ಟ್ರಾನ್ ಕಣ, ನೋಡದಿದ್ದರೆ ಅಲೆ. ಹಾಗಾಗಿ ಮನಸ್ಸೇ ಜಗತ್ತನ್ನು ಮಾಡುತ್ತದೆ ಅಂತ ವಿಜ್ಞಾನ ಒಪ್ಪಿಕೊಂಡಾಗಿದೆ. ನಮ್ಮ ಮೆದುಳೂ ಒಂದು ಕ್ವಾಂಟಮ್ ಯಂತ್ರ. ಇನ್ನು ವಿಶ್ವದ ಶೇ. 95 ಭಾಗ ಏನು ಅಂತಲೇ ವಿಜ್ಞಾನಿಗಳಿಗೆ ಗೊತ್ತಿಲ್ಲ, ಆದ್ದರಿಂದ ಅದು ಪ್ರಜ್ಞೆಯೇ ಇರಬೇಕು.

ಕೊನೆಯದು ನನಗೂ ಸ್ವಲ್ಪ ಜಾಸ್ತಿ ಆಯಿತು ಅನಿಸಿತು. ಆದರೆ ಮೊದಲ ಎರಡಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. ನೊಬೆಲ್ ಬಂದವರೇ ಹೀಗೆ ಹೇಳಿದ್ದಾರೆ ಅಂತ ವಿಗ್ನರ್, ಶ್ರೋಡಿಂಗರ್, ಪೆನ್‌ರೋಸ್ ಹೆಸರು ಬೇರೆ ತೆಗೆದರು. ಗೊತ್ತಿರುವವರು ಹೇಳಿ, ಇದರಲ್ಲಿ ಯಾವುದು ನಿಜಕ್ಕೂ ಬಗೆಹರಿಯದ ಪ್ರಶ್ನೆ, ಯಾವುದು ಸುಮ್ನೆ ಬುರುಡೆ? ದಯವಿಟ್ಟು ‘ಗಣಿತ ಕಲಿತು ಬಾ’ ಅನ್ನಬೇಡಿ.

ಚಾಕ್‌ಪೀಸ್:

ಗಣಿತ ಬೇಡ, ಒಂದು ಪ್ರಯೋಗ ಸಾಕು. 1999ರಲ್ಲಿ ವಿಯೆನ್ನಾದಲ್ಲಿ ಆಂಟನ್ ಸೈಲಿಂಗರ್ ಅವರ ತಂಡ ಎಲೆಕ್ಟ್ರಾನ್ ಬದಲು 60 ಇಂಗಾಲದ ಪರಮಾಣುಗಳ ಫುಲರೀನ್ ಅಣುಗಳನ್ನು ಸೀಳುಗಳ ಮೂಲಕ ಹಾಯಿಸಿತು. ಅಷ್ಟು ದೊಡ್ಡ ಅಣುಗಳೂ ಅಲೆಗಳ ಹಾಗೆ ಪಟ್ಟೆ ಮೂಡಿಸಿದವು. 2004ರಲ್ಲಿ ಅಲ್ಲಿಯವರೇ 70 ಪರಮಾಣುಗಳ ಅಣುವನ್ನು ತೆಗೆದುಕೊಂಡು, ಸೀಳಿಗೆ ಹೋಗುವ ಮುಂಚೆ ಲೇಸರ್‌ನಿಂದ ಕಾಯಿಸಿದರು. ತುಂಬಾ ಕಾದ ಅಣು ಹಾರುತ್ತಲೇ ಬೆಳಕು ಬಿಡುತ್ತದೆ. ಬಿಸಿ ಏರಿದಷ್ಟೂ ಪಟ್ಟೆಗಳು ಮಸುಕಾಗುತ್ತಾ ಹೋದವು.

ಈಗ ಕೇಳಿ, ಅಲ್ಲಿ ನೋಡಿದ್ದು ಯಾರು? ಅಣು ಬಿಟ್ಟ ಆ ಬೆಳಕನ್ನು ಯಾರೂ ಹಿಡಿಯಲಿಲ್ಲ, ಯಾರೂ ಓದಲಿಲ್ಲ. ಅದು ಉಪಕರಣದ ಒಳಗೋಡೆಗೆ ಬಡಿದು ಮುಗಿಯಿತು. ಆದರೆ ಅಣು ಯಾವ ದಾರಿಯಲ್ಲಿತ್ತು ಅನ್ನುವ ಸುಳಿವು ಆ ಬೆಳಕಿನ ಜೊತೆ ಹೊರಗೆ ಸೋರಿಹೋಗಿತ್ತು, ಅಲೆಯಾಟ ಕೆಡಲು ಅಷ್ಟೇ ಸಾಕಾಯಿತು. ಇದಕ್ಕೆ ಡಿಕೊಹೆರೆನ್ಸ್ ಅನ್ನುತ್ತಾರೆ. ಜರ್ಮನಿಯ ಭೌತವಿಜ್ಞಾನಿ ಹೈಂಟ್ಸ್ ಡೀಟರ್ ತ್ಸೇ 1970ರಲ್ಲೇ ಇದರ ಅಡಿಪಾಯ ಹಾಕಿದ್ದರು. ಕಣ್ಣೂ ಬೇಡ, ಮನಸ್ಸೂ ಬೇಡ, ಒಂದು ಬಿಸಿ ಅಣು ಸಾಕು.

ಇನ್ನು ಆ ಮೂರು ಹೆಸರು. ತಮಾಷೆ ಏನೆಂದರೆ ಆ ಮೂವರೂ ಒಂದೇ ಮಾತು ಹೇಳಿದವರೇ ಅಲ್ಲ. ವಿಗ್ನರ್ 1961ರಲ್ಲಿ, ಅಳತೆಗೆ ಖಚಿತ ಉತ್ತರ ಬರುವುದು ಪ್ರಜ್ಞೆಯಿಂದ ಅಂತ ಬರೆದದ್ದು ನಿಜ. ಮುಂದೆ ತ್ಸೇ ಕೆಲಸ ಓದಿದ ಮೇಲೆ ಅವರೇ ಆ ನಿಲುವಿನಿಂದ ಸರಿದರು. ಈ ಭಾಗವನ್ನು ಯಾವ ಉಪನ್ಯಾಸದಲ್ಲೂ ಹೇಳುವುದಿಲ್ಲ! ಪೆನ್‌ರೋಸ್ ಹೇಳುವುದು ಪೂರ್ತಿ ಉಲ್ಟಾ: ಅಲೆ ತನ್ನಷ್ಟಕ್ಕೆ, ಗುರುತ್ವದ ಕಾರಣದಿಂದ ಕುಸಿಯುತ್ತದೆ (ಅಂದರೆ ಹಲವು ಸಾಧ್ಯತೆಗಳು ಹೋಗಿ ಒಂದೇ ಉಳಿಯುತ್ತದೆ), ಆ ಕುಸಿತದಿಂದಲೇ ಪ್ರಜ್ಞೆ ಹುಟ್ಟುತ್ತದೆ. ಒಬ್ಬರಿಗೆ ಪ್ರಜ್ಞೆ ಕಾರಣ, ಇನ್ನೊಬ್ಬರಿಗೆ ಅದು ಫಲ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ‘ನೋಡಿ, ಎಲ್ಲರೂ ಒಪ್ಪಿದ್ದಾರೆ’ ಅನ್ನುವುದು ಹೇಗೆ? ಪೆನ್‌ರೋಸ್‌ಗೆ 2020ರಲ್ಲಿ ನೊಬೆಲ್ ಬಂದದ್ದು ಕಪ್ಪುಕುಳಿಗಳ ಕೆಲಸಕ್ಕೆ, ಪ್ರಜ್ಞೆಯ ಸಿದ್ಧಾಂತಕ್ಕಲ್ಲ. ಶ್ರೋಡಿಂಗರ್ 1935ರಲ್ಲಿ, ಪೆಟ್ಟಿಗೆಯೊಳಗೆ ಒಂದೇ ಹೊತ್ತಿಗೆ ಬದುಕಿಯೂ ಸತ್ತೂ ಇರುವ ಬೆಕ್ಕಿನ ಕತೆ ಹೇಳಿದ್ದು ‘ಇದು ಎಷ್ಟು ವಿಚಿತ್ರ ಆಗುತ್ತದೆ ನೋಡಿ’ ಅಂತ ತೋರಿಸಲು.

ಅಮೆರಿಕದ ಭೌತವಿಜ್ಞಾನಿ ಜಾನ್ ವೀಲರ್ ಹೆಸರನ್ನೂ ಈ ಗುಂಪಿಗೆ ಎಳೆಯುತ್ತಾರೆ, ಅದಕ್ಕೇ ಇದೂ ಇರಲಿ. ನಾವು ಪಾಲುಗೊಳ್ಳುವ ವಿಶ್ವ ಇದು ಅಂತ ಹೇಳಿದವರು ಅವರೇ. ಆದರೆ ಕ್ವಾಂಟಮ್ ಪ್ರಕ್ರಿಯೆಯಲ್ಲಿ ಪ್ರಜ್ಞೆಗೆ ಯಾವ ಕೆಲಸವೂ ಇಲ್ಲ ಅಂತ ಖಡಾಖಂಡಿತವಾಗಿ ಬರೆದವರೂ ಅವರೇ. 1979ರಲ್ಲಂತೂ ಅತೀಂದ್ರಿಯ ಶಕ್ತಿ ಅನ್ನುವವರನ್ನು ಅಮೆರಿಕದ ವಿಜ್ಞಾನ ಸಂಘದಿಂದ ಹೊರಹಾಕಿ ಅಂತ ಗದ್ದಲ ಎಬ್ಬಿಸಿದ್ದರು.

ತುಂಗಾತೀರ:

ನಾನು ವೇದಾಂತ ಓದುವವನು, ಹಾಗಾಗಿ ಆ ಉಪನ್ಯಾಸಕರ ಪರ ನಿಲ್ಲುತ್ತೇನೆ ಅಂದುಕೊಳ್ಳಬೇಡಿ. ನನಗೆ ಸಿಟ್ಟು ಬರುವುದು ಬೇರೆ ಕಡೆಯಿಂದ. ಅದ್ವೈತದ ಸಾಕ್ಷಿ ಏನನ್ನೂ ಮಾಡುವುದಿಲ್ಲ. ಅದು ಕರ್ತೃವೂ ಅಲ್ಲ, ಭೋಕ್ತೃವೂ ಅಲ್ಲ, ಅದಕ್ಕೇ ಅದು ಸಾಕ್ಷಿ. ವಿಗ್ನರ್ ಹೇಳಿದ ಮನಸ್ಸು ಹೋಗಿ ಎಲೆಕ್ಟ್ರಾನಿನ ಅಲೆಯನ್ನು ಕುಸಿಯುವಂತೆ ಮಾಡಬೇಕು, ಅಂದರೆ ಅದು ಜಗತ್ತಿನೊಳಗೆ ಕೈ ಹಾಕಿ ಕೆಲಸ ಮಾಡುವ ವಸ್ತು. ಇವೆರಡನ್ನೂ ಒಂದೇ ಅನ್ನುವವರು ಶಂಕರರನ್ನೂ ಸರಿಯಾಗಿ ಓದಿಲ್ಲ, ಫಿಸಿಕ್ಸನ್ನೂ ಓದಿಲ್ಲ. ನಾಳೆ ಲ್ಯಾಬಿನಲ್ಲಿ ಇನ್ನೊಂದು ಉತ್ತರ ಬಂದರೆ ಏನು, ಉಪನಿಷತ್ತು ಸುಳ್ಳಾಗುತ್ತದೆಯಾ?

ಶ್ರೋಡಿಂಗರ್ ಉಪನಿಷತ್ತು ಮೆಚ್ಚಿದ್ದು ಹೌದು. ಆದರೆ ಅವರ ವೇದಾಂತದ ಒಲವು 1926ರ ಅಲೆ ಸಮೀಕರಣಕ್ಕಿಂತ ಹಳೆಯದು. ಲ್ಯಾಬು ಅವರನ್ನು ವೇದಾಂತಕ್ಕೆ ಕರೆದುಕೊಂಡು ಹೋಗಲಿಲ್ಲ.

ಒಗ್ಗರಣೆ:

ಎಲ್ಲ ಸರಿ ಸ್ವಾಮಿ, ಆದರೆ ನೀವು ‘ಮನಸ್ಸು ಬೇಡ’ ಅಂತ ಕೈ ತೊಳೆದುಕೊಂಡಷ್ಟು ಸುಲಭ ಇಲ್ಲ ಅದು. ಡಿಕೊಹೆರೆನ್ಸ್ ಆದರೂ ಸಾಧ್ಯತೆಗಳು ಎರಡೂ ಉಳಿದೇ ಇರುತ್ತವೆ, ಅವು ಒಂದಕ್ಕೊಂದು ಬೆರೆಯುವುದಿಲ್ಲ ಅಷ್ಟೇ. ಕೊನೆಗೆ ನನಗೆ ಒಂದೇ ಉತ್ತರ ಕಾಣಿಸುತ್ತದಲ್ಲ, ಅದು ಯಾಕೆ? ಅದನ್ನು ಹೇಳಿ ಮೊದಲು.

ಅರಿವಳಿಕೆ:

ಅದಕ್ಕೆ ಚಾಕ್‌ಪೀಸ್ ಉತ್ತರ ಕೊಡಲಿ. ನಾನು ಎರಡನೇ ಪ್ರಶ್ನೆಗೆ ಬರುತ್ತೇನೆ, ಮೆದುಳು ಕ್ವಾಂಟಮ್ ಯಂತ್ರವಾ ಅನ್ನುವುದು. ನನ್ನ ಕೆಲಸವೇ ಜನರ ಪ್ರಜ್ಞೆ ತಪ್ಪಿಸಿ, ಆಪರೇಷನ್ ಮುಗಿದ ಮೇಲೆ ವಾಪಸ್ ತರುವುದು. ಈ ಸಿದ್ಧಾಂತದಲ್ಲಿ ಪೆನ್‌ರೋಸ್ ಜೊತೆಗಾರ ಸ್ಟುವರ್ಟ್ ಹ್ಯಾಮೆರಾಫ್ ಕೂಡ ನನ್ನ ಹಾಗೆ ಅರಿವಳಿಕೆ ಡಾಕ್ಟರ್. ನರಕೋಶದ ಒಳಗೆ ಮೈಕ್ರೋಟ್ಯೂಬ್ಯೂಲ್ ಅನ್ನುವ ಸಣ್ಣ ಕೊಳವೆಗಳಿವೆ, ಅವುಗಳಲ್ಲಿ ಕ್ವಾಂಟಮ್ ಸ್ಥಿತಿ ಕೆಡದೆ ಉಳಿಯುತ್ತದೆ ಅಂತ ಅವರ ವಾದ. 2000ದಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಟೆಗ್‌ಮಾರ್ಕ್ ಲೆಕ್ಕ ಹಾಕಿ, ಮೆದುಳಿನ ಬಿಸಿಯಲ್ಲಿ ಅಂಥ ಸ್ಥಿತಿ ಒಂದು ಸೆಕೆಂಡಿನ ಹತ್ತು ಲಕ್ಷ ಕೋಟಿಯ ಒಂದು ಭಾಗಕ್ಕಿಂತ ಜಾಸ್ತಿ ಬಾಳುವುದಿಲ್ಲ ಅಂದರು. ಸರಿಯಾಗಿ ಹೇಳಿದರೆ ಸೊನ್ನೆ ಬಿಂದು ಆದಮೇಲೆ 12 ಸೊನ್ನೆ, ಆಮೇಲೆ ಒಂದು. ನರಕೋಶ ಒಂದು ಸಂಕೇತ ಕೊಡಲು ತೆಗೆದುಕೊಳ್ಳುವುದು ಮಿಲಿಸೆಕೆಂಡುಗಳು. ಹ್ಯಾಮೆರಾಫ್ ಕಡೆಯವರು ಲೆಕ್ಕ ತಿದ್ದಿ ಅವಧಿಯನ್ನು ತುಂಬಾ ಹಿಗ್ಗಿಸಿದರು, ಇನ್ನೂ ಕೆಲವು ಊಹೆ ಸೇರಿಸಿದರೆ ಮಿಲಿಸೆಕೆಂಡುಗಳಿಗೂ ಮುಟ್ಟುತ್ತದೆ ಅಂದರು. 2024ರಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ಬಂತು: ಆ ಕೊಳವೆಗಳನ್ನು ಗಟ್ಟಿ ಮಾಡುವ ಔಷಧಿ ಕೊಟ್ಟರೆ ಪ್ರಜ್ಞೆ ತಪ್ಪಲು ಒಂದು ನಿಮಿಷದಷ್ಟು ಜಾಸ್ತಿ ಹೊತ್ತು ಹಿಡಿಯುತ್ತದೆ. ಕುತೂಹಲದ ವಿಷಯವೇ. ಆದರೆ ಅದರಿಂದ ತಿಳಿಯುವುದು ಕೊಳವೆಗಳಿಗೂ ಅರಿವಳಿಕೆಗೂ ನಂಟಿದೆ ಅಂತ. ಕ್ವಾಂಟಮ್ ಅನ್ನುವುದಕ್ಕೆ ಅದು ಸಾಕ್ಷ್ಯ ಆಗುವುದಿಲ್ಲ.

ನಿಜ ಹೇಳಬೇಕೆಂದರೆ ನನ್ನ ತಲೆ ತಿನ್ನುವುದು ಇದಲ್ಲ. ಎದುರಿಗೆ ಮಲಗಿರುವವರಿಗೆ ಪ್ರಜ್ಞೆ ಇದೆಯೋ ಇಲ್ಲವೋ ಅಂತ ಹೊರಗಿನಿಂದ ಹೇಳುವುದೇ ಕಷ್ಟ. ನಾವು ಸ್ನಾಯು ಸಡಿಲಿಸುವ ಔಷಧಿ ಕೊಟ್ಟ ಮೇಲೆ ರೋಗಿ ಎಚ್ಚರ ಇದ್ದರೂ ಬೆರಳು ಅಲ್ಲಾಡಿಸಲು ಆಗುವುದಿಲ್ಲ. ಅದಕ್ಕೆ ಒಂದು ಹಳೆಯ ಉಪಾಯ ಇದೆ. ಔಷಧಿ ಕೊಡುವ ಮುಂಚೆ ಒಂದು ತೋಳಿಗೆ ಪಟ್ಟಿ ಬಿಗಿದು ರಕ್ತ ತಡೆಯುತ್ತಾರೆ, ಔಷಧಿ ಆ ಕೈಗೆ ತಲುಪುವುದಿಲ್ಲ. ಆಮೇಲೆ ‘ಕೇಳಿಸುತ್ತಿದ್ದರೆ ನನ್ನ ಕೈ ಹಿಸುಕಿ’ ಅನ್ನುತ್ತಾರೆ. 2017ರಲ್ಲಿ ಹಲವು ಆಸ್ಪತ್ರೆಗಳಲ್ಲಿ ಹೀಗೆ ಮಾಡಿ ನೋಡಿದಾಗ, ಪೂರ್ತಿ ಅರಿವಳಿಕೆಯಲ್ಲಿದ್ದವರಲ್ಲಿ ಸುಮಾರು 20ಕ್ಕೆ ಒಬ್ಬರು ಕೈ ಹಿಸುಕಿದರು! ಎದ್ದ ಮೇಲೆ ಕೇಳಿದರೆ ಬಹುತೇಕ ಯಾರಿಗೂ ನೆನಪಿಲ್ಲ. ಈಗ ಹೇಳಿ, ಆ ಹೊತ್ತಿನಲ್ಲಿ ಅವರಿಗೆ ಪ್ರಜ್ಞೆ ಇತ್ತಾ, ಇರಲಿಲ್ಲವಾ? ನೆನಪು ಉಳಿಯದ ಅನುಭವವೂ ಅನುಭವವೇ ಅಲ್ವಾ?

ಕೋಮಾದಂಥ ಸ್ಥಿತಿಗಳ ಕಡೆ ಇನ್ನೂ ಕಷ್ಟ. 2006ರಲ್ಲಿ ಏಡ್ರಿಯನ್ ಓವನ್ ಅವರ ತಂಡ, ಯಾವ ಮಾತಿಗೂ ಸ್ಪಂದಿಸದ ಒಬ್ಬ ಯುವತಿಯನ್ನು ಸ್ಕ್ಯಾನರ್‌ನಲ್ಲಿಟ್ಟು ‘ಟೆನಿಸ್ ಆಡುತ್ತಿದ್ದೀಯ ಅಂತ ಕಲ್ಪಿಸಿಕೋ’ ಅಂದಿತು. ಆರೋಗ್ಯವಂತರ ಮೆದುಳಿನಲ್ಲಿ ಎಲ್ಲಿ ಚಟುವಟಿಕೆ ಕಾಣುತ್ತದೋ ಅಲ್ಲೇ ಕಂಡಿತು. 2024ರ ದೊಡ್ಡ ಅಧ್ಯಯನದಲ್ಲಿ, ಸ್ಪಂದಿಸದ 241 ಜನರಲ್ಲಿ 60 ಜನರ ಮೆದುಳು ಹೀಗೆ ಹೇಳಿದ್ದನ್ನು ಕೇಳಿ ಕೆಲಸ ಮಾಡಿತ್ತು. ಕಾಲು ಭಾಗ. ಮನೆಯವರ ಮುಂದೆ ಕೂತು ಮಾತನಾಡುವಾಗ ಈ ಸಂಖ್ಯೆ ತಲೆಯಿಂದ ಹೋಗುವುದಿಲ್ಲ. ಪ್ರಜ್ಞೆ ಅಂದರೆ ಎಲೆಕ್ಟ್ರಾನ್ ಮಾತ್ರ ನೆನಪಾಗುವವರು ಇದನ್ನೂ ಸ್ವಲ್ಪ ಓದಲಿ.

ಪ್ರಜ್ಞೆಯ ಸಿದ್ಧಾಂತಗಳು ಎಲ್ಲಿವೆ ಅಂತ ಕೇಳಿದರೆ, ಒಂದು ಬಾಜಿಯ ಕತೆ ಸಾಕು. 1998ರಲ್ಲಿ ಜರ್ಮನಿಯಲ್ಲಿ ಕ್ರಿಸ್ಟಾಫ್ ಕಾಕ್ ಅನ್ನುವ ನರವಿಜ್ಞಾನಿ, ಇನ್ನು 25 ವರ್ಷದೊಳಗೆ ಪ್ರಜ್ಞೆಯ ಗುರುತನ್ನು ಮೆದುಳಿನಲ್ಲಿ ಸ್ಪಷ್ಟವಾಗಿ ಹಿಡಿಯುತ್ತೇವೆ ಅಂತ ತತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್ ಜೊತೆ ಪಂಥ ಕಟ್ಟಿದರು. 2023ರಲ್ಲಿ ನ್ಯೂಯಾರ್ಕಿನಲ್ಲಿ ಸೋತು ವೈನ್ ಬಾಟಲಿಗಳನ್ನು ಕೊಟ್ಟರು. ಎರಡು ಮುಖ್ಯ ಸಿದ್ಧಾಂತಗಳನ್ನು ಮುಖಾಮುಖಿ ನಿಲ್ಲಿಸಿ 256 ಜನರ ಮೇಲೆ ಮಾಡಿದ ಪರೀಕ್ಷೆ 2025ರಲ್ಲಿ ಪ್ರಕಟವಾಯಿತು. ಎರಡರ ಭವಿಷ್ಯವಾಣಿಗಳೂ ಅಲ್ಲಲ್ಲಿ ತಪ್ಪಿದವು.

ಆಂಟೆನಾ:

ಮೂರನೆಯದು ನನ್ನ ಪಾಲಿಗೆ. ‘ಶೇ. 95 ಗೊತ್ತಿಲ್ಲ’ ಅಂದರೆ ಪೂರ್ತಿ ಕತ್ತಲೆ ಅಂತಲ್ಲ. ಅದರಲ್ಲಿ ಸುಮಾರು 27 ಕಪ್ಪು ದ್ರವ್ಯ, 68 ಕಪ್ಪು ಶಕ್ತಿ. ಕಪ್ಪು ದ್ರವ್ಯ ಗುರುತ್ವದಿಂದ ಎಳೆಯುತ್ತದೆ, ಒಟ್ಟುಗೂಡುತ್ತದೆ, ಬೆಳಕನ್ನು ಬಾಗಿಸುತ್ತದೆ, ಗೆಲಾಕ್ಸಿ ಗುಂಪುಗಳು ಡಿಕ್ಕಿ ಹೊಡೆದಾಗ ಅನಿಲ ಹಿಂದೆ ಉಳಿದರೂ ಅದು ಮುಂದೆ ಹಾದುಹೋಗುತ್ತದೆ. ಇದೆಲ್ಲ ಅಳೆದದ್ದು. ಅದು ಯಾವ ಕಣ ಅನ್ನುವುದು ಮಾತ್ರ ತಿಳಿದಿಲ್ಲ. ಪ್ರಜ್ಞೆ ಅನ್ನುವವರು ಈ ಅಳತೆಗಳಲ್ಲಿ ಒಂದನ್ನಾದರೂ ಪ್ರಜ್ಞೆಯಿಂದ ಲೆಕ್ಕ ಹಾಕಿ ಕೊಡಲಿ, ಒಪ್ಪುತ್ತೇನೆ.

ಇಲ್ಲಿ ನಿಜವಾದ ಜಗಳಗಳಿವೆ. ವಿಶ್ವ ಹಿಗ್ಗುವ ವೇಗವನ್ನು ಆದಿಯ ಬೆಳಕಿನಿಂದ ಲೆಕ್ಕ ಹಾಕಿದರೆ 67.4 (ಸುಮಾರು 33 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ, ಸೆಕೆಂಡಿಗೆ ಇಷ್ಟು ಕಿ.ಮೀ. ಅಂತ), ಹತ್ತಿರದ ನಕ್ಷತ್ರಗಳಿಂದ ಅಳೆದರೆ 73ರ ಆಸುಪಾಸು. ಯಾಕೆ ಹೊಂದುವುದಿಲ್ಲ ಅಂತ ಯಾರಿಗೂ ಗೊತ್ತಿಲ್ಲ.

ನಮ್ಮೂರಿನ ಒಂದು ಕತೆಯೂ ಇದೆ. 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿದ್ದ ಎಡ್ಜಸ್ ಅನ್ನುವ ಆಂಟೆನಾ, ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ ಸಂಕೇತ ಸಿಕ್ಕಿತು ಅಂದಿತು, 78 ಮೆಗಾಹರ್ಟ್ಸ್‌ನಲ್ಲಿ. ಆದರೆ ಆ ಸಂಕೇತ (ರೇಡಿಯೋ ಅಲೆಗಳಲ್ಲಿ ಕಾಣುವ ಒಂದು ತಗ್ಗು) ಇರಬೇಕಾದ್ದಕ್ಕಿಂತ ಎರಡು ಪಟ್ಟು ಆಳ. ಕಪ್ಪು ದ್ರವ್ಯ ಹೈಡ್ರೋಜನ್ನನ್ನು ತಣಿಸಿರಬೇಕು ಅಂತ ಪೇಪರ್ ಮೇಲೆ ಪೇಪರ್ ಬಂದವು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ 3 ಅನ್ನುವ ಆಂಟೆನಾ ಕಟ್ಟಿ, ಅದನ್ನು ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ನೀರೇ ಯಾಕೆ? ನೆಲದಡಿ ಮಣ್ಣು, ಕಲ್ಲು, ತೇವ ಒಂದೊಂದು ಕಡೆ ಒಂದೊಂದು ಥರ, ಅದರಿಂದ ಬರುವ ಪ್ರತಿಫಲನ ಅಳತೆಯನ್ನು ಕೆಡಿಸುತ್ತದೆ. ನೀರು ಎಲ್ಲ ಕಡೆ ಒಂದೇ ಸಮ. 2022ರಲ್ಲಿ ಬಂದ ಫಲಿತಾಂಶ: ಅಂಥ ಸಂಕೇತ ಅಲ್ಲಿ ಇಲ್ಲ, ಶೇ. 95.3 ವಿಶ್ವಾಸದೊಂದಿಗೆ. ಅಷ್ಟೂ ಪೇಪರ್‌ಗಳ ಕಾಲಡಿ ನೆಲವೇ ಅಲ್ಲಾಡಿತು. ನನಗಂತೂ ಯಾವ ಉಪನ್ಯಾಸಕ್ಕಿಂತಲೂ ಹಿನ್ನೀರಿನ ಆ ತೆಪ್ಪವೇ ಹೆಚ್ಚು ರೋಚಕ.

ದಾರಿಹೋಕ:

ಅಬ್ಬಾ, ಒಂದೇ ರಾತ್ರಿಗೆ ಜಾಸ್ತಿ ಆಯಿತು, ಆದರೆ ಖುಷಿ. ಆ ಕೈ ಹಿಸುಕುವ ವಿಷಯ ಓದಿ ನಿದ್ದೆ ಬರುವುದು ಡೌಟು. ಒಗ್ಗರಣೆಯವರ ಪ್ರಶ್ನೆ ನನ್ನದೂ ಕೂಡ. ಒಂದೇ ಉತ್ತರ ಯಾಕೆ ಕಾಣುತ್ತದೆ?

ಚಾಕ್‌ಪೀಸ್:

ಅದು ನಿಜಕ್ಕೂ ಬಗೆಹರಿದಿಲ್ಲ, ಅದರಲ್ಲಿ ಒಗ್ಗರಣೆ ಹೇಳಿದ್ದು ಸರಿ. 1957ರಲ್ಲಿ ಎವರೆಟ್ ಅನ್ನುವ ಭೌತವಿಜ್ಞಾನಿ, ಎಲ್ಲ ಉತ್ತರಗಳೂ ಆಗುತ್ತವೆ, ನೀನು ಒಂದು ಕವಲಿನಲ್ಲಿದ್ದೀಯ ಅಂದರು. ಇನ್ನೊಬ್ಬ ಭೌತವಿಜ್ಞಾನಿ ಬೋಮ್ 1952ರಲ್ಲೇ, ಕಣಕ್ಕೆ ಯಾವಾಗಲೂ ಒಂದು ಜಾಗ ಇದ್ದೇ ಇದೆ, ಅಲೆ ಅದಕ್ಕೆ ದಾರಿ ತೋರಿಸುತ್ತದೆ ಅಂದಿದ್ದರು. ಇನ್ನು ಕೆಲವರು, ದೊಡ್ಡ ವಸ್ತುಗಳಲ್ಲಿ ಅಲೆ ತಾನಾಗಿಯೇ ಕುಸಿಯುತ್ತದೆ ಅನ್ನುತ್ತಾರೆ. ಈ ಕೊನೆಯ ಬಗೆಯನ್ನು ಪರೀಕ್ಷೆ ಮಾಡಬಹುದು, ಅದಕ್ಕೇ ನನಗೆ ಅದು ಇಷ್ಟ. ಇಟಲಿಯ ಗ್ರಾನ್ ಸಾಸೋ ಬೆಟ್ಟದಡಿಯ ಲ್ಯಾಬಿನಲ್ಲಿ, ಗುರುತ್ವದಿಂದ ಅಲೆ ಕುಸಿಯುವಾಗ ಹೊಮ್ಮಬೇಕಾದ ಕ್ಷೀಣ ವಿಕಿರಣವನ್ನು ಹುಡುಕಿದರು. ಅದು ಸಿಗಲಿಲ್ಲ, 2020ರಲ್ಲಿ ಆ ಸಿದ್ಧಾಂತದ ಅತಿ ಸರಳ ರೂಪ ಬಿದ್ದುಹೋಯಿತು. ತನ್ನ ರೂಪದಲ್ಲಿ ವಿಕಿರಣ ಬರುವುದೇ ಇಲ್ಲ ಅಂತ ಪೆನ್‌ರೋಸ್ ಹೇಳುತ್ತಾರೆ. ಇನ್ನೊಂದು ಕಡೆ 2019ರಲ್ಲಿ ಸುಮಾರು 2000 ಪರಮಾಣುಗಳ ಅಣುಗಳೂ ಪಟ್ಟೆ ಮೂಡಿಸಿವೆ. ಅಷ್ಟು ದೊಡ್ಡದರಲ್ಲೂ ಕುಸಿತದ ಸುಳಿವಿಲ್ಲ.

ಮನಸ್ಸು ನಿಜವಾಗಿ ಒಳಗೆ ಬರಬಹುದಾದ ಜಾಗ ಒಂದಿದೆ, ಅದು ವಿಗ್ನರ್ ಹೇಳಿದ ಗೆಳೆಯನ ಕತೆ. ಮುಚ್ಚಿದ ಕೋಣೆಯಲ್ಲಿ ಗೆಳೆಯ ಅಳತೆ ಮಾಡಿ ಉತ್ತರ ನೋಡಿದ. ಹೊರಗಿರುವ ವಿಗ್ನರ್‌ಗೆ ಆ ಗೆಳೆಯನೇ ಎರಡು ಸ್ಥಿತಿಗಳ ಮಿಶ್ರಣ. 2020ರಲ್ಲಿ ಬ್ರಿಸ್ಬೇನಿನ ಗ್ರಿಫಿತ್ ವಿಶ್ವವಿದ್ಯಾಲಯದ ತಂಡ ಇದನ್ನು ಗಣಿತದಲ್ಲಿ ಕಟ್ಟಿ, ಪ್ರಯೋಗವನ್ನೂ ಮಾಡಿತು. ಗೆಳೆಯ ನೋಡಿದ ಉತ್ತರ ಎಲ್ಲರಿಗೂ ಒಂದೇ ಸತ್ಯ, ಆಯ್ಕೆ ಮಾಡಲು ನಾವು ಸ್ವತಂತ್ರರು, ಬೆಳಕಿಗಿಂತ ಬೇಗ ಪ್ರಭಾವ ಹೋಗುವುದಿಲ್ಲ, ಈ ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಆದರೆ ಅವರ ಪ್ರಯೋಗದಲ್ಲಿ ಗೆಳೆಯ ಅಂದರೆ ಒಂದು ಫೋಟಾನ್ (ಬೆಳಕಿನ ಕಣ) ಹಿಡಿದ ದಾರಿ. ಫೋಟಾನ್ ಏನು ನೋಡುತ್ತದೆ ಅಂತ ನೀವು ಕೇಳಿದರೆ ನ್ಯಾಯವೇ. ಅದಕ್ಕೇ ಕೆಲವರು, ಮನುಷ್ಯನ ಮಟ್ಟಕ್ಕೆ ಯೋಚಿಸುವ ಪ್ರೋಗ್ರಾಮನ್ನು ದೊಡ್ಡ ಕ್ವಾಂಟಮ್ ಕಂಪ್ಯೂಟರಿನಲ್ಲಿ ಓಡಿಸಿ, ಅದನ್ನೇ ಗೆಳೆಯನನ್ನಾಗಿ ಮಾಡೋಣ ಅಂತ 2023ರಲ್ಲಿ ಪ್ರಸ್ತಾಪ ಇಟ್ಟರು. ಅಂಥ ಕಂಪ್ಯೂಟರೂ ಇಲ್ಲ, ಅಂಥ ಪ್ರೋಗ್ರಾಮೂ ಇಲ್ಲ. ಮುಂದೆ ಎಂದಾದರೂ ಎರಡೂ ಬಂದರೆ, ಅದು ‘ನೋಡಿದೆ’ ಅಂದದ್ದನ್ನು ನಂಬಬೇಕಾ ಬೇಡವಾ ಅಂತ ಹೇಳಲು ಅರಿವಳಿಕೆ ಡಾಕ್ಟರನ್ನೇ ಕರೆಯಬೇಕಾಗುತ್ತದೆ.

ಅರಿವಳಿಕೆ:

ಫೀಸು ಬೇರೆ ಆಗುತ್ತದೆ.