ಎಲ್ಲ ಹಾಡುಗಳನ್ನೂ 320 ಕೆಬಿಪಿಎಸ್ ಎಂಪಿ3ಗೆ ಪರಿವರ್ತಿಸುವುದು ಸರಿಯೇ?

ಪ್ರಶ್ನೆ:
ನನ್ನ ಪುಟ್ಟ ಮ್ಯೂಸಿಕ್ ಪ್ಲೇಯರ್ ಎಂಪಿ3 ಕಡತಗಳನ್ನು ಮಾತ್ರ ನುಡಿಸುತ್ತದೆ. ಸಂಗ್ರಹದಲ್ಲಿ ಅರ್ಧದಷ್ಟು ಸಿಡಿಗಳಿಂದ ತೆಗೆದಿಟ್ಟ ಫ್ಲ್ಯಾಕ್ ಕಡತಗಳಿವೆ, ಉಳಿದವು 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್) ಎಂ4ಎ. ಎಲ್ಲವನ್ನೂ ಒಂದೇ ಏಟಿಗೆ 320 ಕೆಬಿಪಿಎಸ್ ಎಂಪಿ3 ಮಾಡಿದರೆ ಧ್ವನಿಯ ಗುಣಮಟ್ಟ ಸುಧಾರಿಸುವುದೇ? ಆಮೇಲೆ ಮೂಲ ಕಡತಗಳನ್ನು ಅಳಿಸಬಹುದೇ? ಅಲ್ಲದೆ, ಈಗಾಗಲೇ ಹಾಕಿರುವ ಕೆಲವು ಹಾಡುಗಳ ಕನ್ನಡ ಶೀರ್ಷಿಕೆಗಳು ಪರದೆಯಲ್ಲಿ ಚೌಕಗಳಾಗಿಯೂ ಇನ್ನು ಕೆಲವು ಅರ್ಥವಿಲ್ಲದ ಚಿಹ್ನೆಗಳಾಗಿಯೂ ಕಾಣುತ್ತವೆ.

ಉತ್ತರ 1:
ಸುಧಾರಿಸುವುದಿಲ್ಲ. ಸಿಡಿಯಲ್ಲಿರುವ 44.1 ಕಿಲೋಹರ್ಟ್ಜ್, 16 ಬಿಟ್ ಧ್ವನಿಯನ್ನು ಫ್ಲ್ಯಾಕ್ ಏನನ್ನೂ ಕಳೆಯದೆ ಅಡಕಗೊಳಿಸುತ್ತದೆ. ನಿಮ್ಮ 128 ಕೆಬಿಪಿಎಸ್ ಎಂ4ಎ ಕಡತಗಳಾದರೋ, ಕಿವಿಗೆ ಬೇಕಿಲ್ಲವೆಂದು ಎನ್ಕೋಡರ್ (ಧ್ವನಿಯನ್ನು ಅಡಕಗೊಳಿಸುವ ತಂತ್ರಾಂಶ) ನಿರ್ಧರಿಸಿದ ಅಂಶಗಳನ್ನು ಆಗಲೇ ಬಿಟ್ಟುಕೊಟ್ಟಿವೆ. ಅವನ್ನು 320ಕ್ಕೆ ಏರಿಸಿದರೆ ಬೆಳೆಯುವುದು ಕಡತದ ಗಾತ್ರ ಮಾತ್ರ: ನಿಮಿಷಕ್ಕೆ ಸುಮಾರು 1 ಎಂಬಿ ಇದ್ದದ್ದು 2.4 ಎಂಬಿ ಆಗುತ್ತದೆ. ಹೋದದ್ದು ಮರಳುವುದಿಲ್ಲ, ಮೇಲಾಗಿ ಎಂಪಿ3 ಎನ್ಕೋಡರ್ ತನ್ನ ಲೆಕ್ಕದಲ್ಲಿ ಮತ್ತಷ್ಟನ್ನು ಕತ್ತರಿಸುತ್ತದೆ. ಆದ್ದರಿಂದ ಎಂ4ಎ ಹಾಡುಗಳ ಸಿಡಿ ಸಿಗುವುದಾದರೆ ಅದರಿಂದಲೇ ಹೊಸದಾಗಿ ತೆಗೆಯಿರಿ. ಎಂ4ಎ ಎಂಬುದು ಹೊರಗಿನ ಪೆಟ್ಟಿಗೆಯಷ್ಟೇ ಎಂಬುದೂ ನೆನಪಿರಲಿ: ಒಳಗೆ ಕೆಲವು ಅಂಶಗಳನ್ನು ಕಳೆದು ಅಡಕಗೊಳಿಸುವ ಎಎಸಿ ಇರಬಹುದು, ಏನನ್ನೂ ಕಳೆಯದ ಎಎಲ್‌ಎಸಿಯೂ ಇರಬಹುದು, ಆದರೆ 128 ಎಂದಿರುವುದರಿಂದ ನಿಮ್ಮಲ್ಲಿರುವುದು ಬಹುಮಟ್ಟಿಗೆ ಎಎಸಿಯೇ.

ಫ್ಲ್ಯಾಕ್‌ಗಳಿಗೆ ಲೇಮ್ ಎಂಬ ಎಂಪಿ3 ಎನ್ಕೋಡರಿನ ವಿ2 ಮಟ್ಟ (ಅದರ ಗುಣಮಟ್ಟದ ಆಯ್ಕೆಗಳಲ್ಲೊಂದು) ಸಾಕೆಂಬುದು ನನ್ನ ಅಭಿಪ್ರಾಯ. ಸರಾಸರಿ 190 ಕೆಬಿಪಿಎಸ್ ಆಸುಪಾಸಿನಲ್ಲಿರುವ ಅದನ್ನು ಮೂಲದಿಂದ ಬೇರ್ಪಡಿಸಿ ಗುರುತಿಸುವುದು ಬಹಳ ಮಂದಿಗೆ ಸಾಧ್ಯವಾಗದು. ಫ್ಲ್ಯಾಕ್‌ಗಳನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬೇಡಿ. ನಾಳೆ ಬೇರೆ ಪ್ಲೇಯರ್ ಬಂದರೆ ಅಲ್ಲಿಂದಲೇ ಮತ್ತೆ ಪರಿವರ್ತಿಸಬೇಕಾಗುತ್ತದೆ.

ಉತ್ತರ 2:
ಶೀರ್ಷಿಕೆಗಳ ವಿಷಯದಲ್ಲಿ ಎರಡು ಬೇರೆ ಬೇರೆ ದೋಷಗಳಿವೆ. ಚೌಕಗಳು ಕಂಡರೆ ಪ್ಲೇಯರಿನಲ್ಲಿ ಕನ್ನಡ ಫಾಂಟ್ ಇಲ್ಲವೆಂದೇ ಅರ್ಥ. ಅಲ್ಲಿ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯದೆ ದಾರಿಯಿಲ್ಲ. ಅರ್ಥವಿಲ್ಲದ ಚಿಹ್ನೆಗಳಿಗೆ ಹೆಚ್ಚಾಗಿ ಟ್ಯಾಗ್, ಅಂದರೆ ಹಾಡಿನ ಹೆಸರು ಮುಂತಾದ ವಿವರಗಳನ್ನು ಕಡತದೊಳಗೆ ಬರೆದಿಡುವ ಭಾಗ, ಕಾರಣ. ಎಂಪಿ3ಯ ಟ್ಯಾಗ್ ಮಾದರಿಯಾದ ಐಡಿ3ಯ 2.4 ಆವೃತ್ತಿಯಲ್ಲಿ ಯುಟಿಎಫ್-8 ಎಂಬ ಅಕ್ಷರ ಸಂಕೇತ ವಿಧಾನದ ಬರಹವನ್ನು ಓದಲಾರದ ಹಳೆಯ ಸಾಧನಗಳಿವೆ, ಅವಕ್ಕಾಗಿ 2.3 ಆವೃತ್ತಿಯಲ್ಲಿ ಯುಟಿಎಫ್-16 ಆಗಿ ಉಳಿಸಿ. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಇಡೀ ಸಂಗ್ರಹಕ್ಕೆ ಒಟ್ಟಿಗೆ ಈ ಬದಲಾವಣೆ ಮಾಡಬಹುದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಒಂದು ಸಂಗೀತ ಕಛೇರಿಯ ಫ್ಲ್ಯಾಕ್‌ಗಳನ್ನು ವಿ2 ಮಟ್ಟದಲ್ಲಿ ಪರಿವರ್ತಿಸಿ ನೋಡಿದೆ. ರಾಗಾಲಾಪನೆ ಮುಗಿದು ಕೃತಿ ಆರಂಭವಾಗುವ ಕಡೆ, ಎರಡು ಕಡತಗಳ ನಡುವೆ ತಂಬೂರಿಯ ಶ್ರುತಿ ಒಂದು ಕ್ಷಣ ಕಡಿದುಹೋಗುತ್ತದೆ. ಫ್ಲ್ಯಾಕ್‌ನಲ್ಲಿ ಹೀಗಿರಲಿಲ್ಲ.

ಉತ್ತರ 1:
ಎಂಪಿ3 ಎನ್ಕೋಡರ್ ಧ್ವನಿಯನ್ನು ನಿಗದಿತ ಅಳತೆಯ ಚೌಕಟ್ಟುಗಳಲ್ಲಿ ತುಂಬುವುದರಿಂದ ಕಡತದ ಆದಿ ಅಂತ್ಯಗಳಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ. ಅದೆಷ್ಟೆಂಬುದನ್ನು ಲೇಮ್ ಕಡತದಲ್ಲೇ ಬರೆದಿಡುತ್ತದಾದರೂ ನಿಮ್ಮ ಪ್ಲೇಯರ್ ಅದನ್ನು ಓದುತ್ತಿರುವಂತಿಲ್ಲ. ಅಂಥ ಕಛೇರಿಗಳ ಫ್ಲ್ಯಾಕ್‌ಗಳನ್ನು ಮೊದಲು ಒಂದೇ ಕಡತವಾಗಿ ಜೋಡಿಸಿ, ಅನಂತರ ಪರಿವರ್ತಿಸಿ.